ಕ್ಯಾಂಪಸ್ಸಿನ ಶಿಲ್ಪಕ್ಕೆ ವಾರಸುದಾರರು ಬೇಕು: ವಿಶ್ವವಿದ್ಯಾಲಯದಲ್ಲಿ ಕ್ಯುರೇಟರ್ ಕೆಲಸಕ್ಕೆ ಒಂದು ಮಾರ್ಗದರ್ಶಿ

ನಮ್ಮ ಕಡೆ ವಿಶ್ವವಿದ್ಯಾಲಯಗಳು ‘ಕ್ಯುರೇಟರ್ ಬೇಕಾಗಿದ್ದಾರೆ’ ಅಂತ ಜಾಹೀರಾತು ಕೊಡುವುದು ಅಪರೂಪ. ಕ್ಯುರೇಟರ್ ಅಂದರೆ ಕಲಾಕೃತಿಗಳನ್ನು ಆರಿಸಿ, ಇರಿಸಿ, ನೋಡಿಕೊಳ್ಳುವವರು. ಹುದ್ದೆ ಇಲ್ಲದಿದ್ದರೂ ಕೆಲಸ ಇದ್ದೇ ಇರುತ್ತದೆ. ದೃಶ್ಯಕಲೆಯ ಮೇಷ್ಟ್ರೋ, ಇತಿಹಾಸ ವಿಭಾಗದ ಮೇಡಮ್ಮೋ ಪಾಠದ ಜೊತೆಗೆ ಅದನ್ನೂ ಹೊತ್ತುಕೊಂಡಿರುತ್ತಾರೆ. ಗೇಟಿನ ಹತ್ತಿರ ಯಾವ ಶಿಲ್ಪ ಇಡಬೇಕು, ಗ್ರಂಥಾಲಯದ ಗೋಡೆಗೆ ಯಾರಿಂದ ಚಿತ್ರ ಬರೆಸಬೇಕು, ಹಳೇ ಶಿಲ್ಪ ಶಿಬಿರದಲ್ಲಿ ಕೆತ್ತಿ ಬಿಟ್ಟುಹೋದ ಕಲ್ಲುಗಳನ್ನು ಏನು ಮಾಡಬೇಕು, ಎಲ್ಲ ಅವರ ಮೇಜಿಗೇ ಬರುತ್ತದೆ.

ಈ ಬರಹ ಅಂಥವರಿಗೆ. ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳಾದ ತೋಳಹುಣಸೆಯ ಶಿವಗಂಗೋತ್ರಿ ಇರಲಿ, ಚಿತ್ರದುರ್ಗದ ಜ್ಞಾನಗಂಗೋತ್ರಿ ಇರಲಿ, ನಮ್ಮ ಬಯಲುಸೀಮೆಯ ಯಾವುದೇ ಕಾಲೇಜಿನ ಅಂಗಳ ಇರಲಿ, ಬಿಸಿಲು ಒಂದೇ, ಕಡತ ಓಡಾಡುವ ದಾರಿಯೂ ಹೆಚ್ಚುಕಮ್ಮಿ ಒಂದೇ. ನನ್ನ ಮಟ್ಟಿಗೆ ಶಿಲ್ಪ ನಿಲ್ಲಿಸುವುದು ಈ ಕೆಲಸದ ಸಣ್ಣ ಭಾಗ. ಅದು ಯಾರ ಲೆಕ್ಕದಲ್ಲಿದೆ, ಯಾರು ತೊಳೆಯುತ್ತಾರೆ, ಬಿರುಕು ಬಿಟ್ಟರೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲೇ ಗೊತ್ತುಮಾಡಿಡುವುದು ದೊಡ್ಡ ಭಾಗ.

ಆದೇಶದ ಪ್ರತಿ ಕೈಯಲ್ಲಿರಲಿ

“ಸರ್, ನೀವೇ ನೋಡ್ಕೊಳ್ಳಿ” ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ಕುಲಸಚಿವರ ಸಹಿ ಇರುವ ಆದೇಶ ಪಡೆಯಿರಿ. ಅದರಲ್ಲಿ ಮೂರು ವಿಷಯ ಸ್ಪಷ್ಟವಾಗಿರಬೇಕು. ಕ್ಯಾಂಪಸ್ಸಿನ ಕಲಾಕೃತಿಗಳ ಪಟ್ಟಿ ನಿಮ್ಮ ಹೊಣೆ. ಹೊಸ ಕೃತಿ ಇಡುವ, ಇರುವುದನ್ನು ಸರಿಸುವ, ಬಣ್ಣ ಬಳಿಯುವ ಯಾವ ಪ್ರಸ್ತಾವವಾದರೂ ನಿಮ್ಮ ಟಿಪ್ಪಣಿ ಇಲ್ಲದೆ ಮುಂದೆ ಹೋಗಬಾರದು. ಪಾಲನೆಗೆ ವರ್ಷಕ್ಕೆ ಇಂತಿಷ್ಟು ಹಣ ಯಾವ ಲೆಕ್ಕಶೀರ್ಷಿಕೆಯಿಂದ ಅನ್ನುವುದೂ ಅಲ್ಲೇ ಬರಲಿ.

ಎರಡನೆಯದನ್ನು ಬಿಟ್ಟುಕೊಡಲೇಬೇಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂದ ಕೂಡಲೇ ಇಡೀ ಕ್ಯಾಂಪಸ್ಸಿಗೆ ಸುಣ್ಣಬಣ್ಣ ಶುರುವಾಗುತ್ತದೆ ಅಲ್ವಾ? ಆ ಗಡಿಬಿಡಿಯಲ್ಲಿ ಕಲ್ಲಿನ ಶಿಲ್ಪಕ್ಕೂ ಬೆಳ್ಳಿ ಬಣ್ಣ ಬಿದ್ದುಬಿಡುತ್ತದೆ. ಬಳಿದವರು ಒಳ್ಳೆಯ ಮನಸ್ಸಿನಿಂದಲೇ ಬಳಿದಿರುತ್ತಾರೆ. ಉಳಿಯ ಗುರುತುಗಳೊಳಗೆ ತುಂಬಿಕೊಂಡ ಆ ಬಣ್ಣ ತೆಗೆಯಲು ಆಮೇಲೆ ತಿಂಗಳುಗಟ್ಟಲೆ ಒದ್ದಾಡಬೇಕು.

ಜೊತೆಗೆ ಒಂದು ಚಿಕ್ಕ ಸಮಿತಿ ಮಾಡಿಸಿ. ಒಬ್ಬ ಕಲಾವಿದರು, ವಿಶ್ವವಿದ್ಯಾಲಯದ ಎಂಜಿನಿಯರ್, ಹಣಕಾಸು ವಿಭಾಗದವರೊಬ್ಬರು, ಇಬ್ಬರು ವಿದ್ಯಾರ್ಥಿಗಳು, ತೋಟದ ಮೇಲ್ವಿಚಾರಕರು. ಕೊನೆಯವರನ್ನು ನೋಡಿ ಕೆಲವರು ನಗಬಹುದು. ಆದರೆ ನೆಲದಡಿ ಏನಿದೆ ಅನ್ನುವುದು ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು. “ಇಲ್ಲಿ ಬ್ಯಾಡ್ರಿ ಸಾರ್, ಕೆಳಗ ಪೈಪ್‌ಲೈನ್ ಐತಿ” ಅನ್ನುವ ಒಂದು ಮಾತು ಲಕ್ಷಾಂತರ ರೂಪಾಯಿ ಉಳಿಸುತ್ತದೆ.

ಹೊಸದು ತರುವ ಮೊದಲು ಇರುವುದನ್ನು ಎಣಿಸಿ

ನಮ್ಮ ಕ್ಯಾಂಪಸ್ಸುಗಳಲ್ಲಿ ಕಲಾಕೃತಿ ಇಲ್ಲ ಅನ್ನುವವರು ಒಂದು ಸುತ್ತು ನಡೆದು ಬರಲಿ. ಶಿಬಿರದಲ್ಲಿ ಕೆತ್ತಿದ ಗ್ರಾನೈಟ್, ಹಳೇ ವಿದ್ಯಾರ್ಥಿಗಳ ಬ್ಯಾಚ್ ಕೊಟ್ಟ ಸಿಮೆಂಟ್ ಉಬ್ಬುಶಿಲ್ಪ, ಸಭಾಂಗಣದ ಹಿಂದಿನ ಗೋಡೆಯ ಮಾಸಿದ ಚಿತ್ರ, ಮರದಡಿ ಒರಗಿಸಿಟ್ಟ ವೀರಗಲ್ಲು. ಇವುಗಳಲ್ಲಿ ಬಹಳಷ್ಟು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ್ದು ಕಳುವಾದರೆ ದೂರು ಕೊಡಲೂ ಆಗುವುದಿಲ್ಲ.

ಪ್ರತಿ ಕೃತಿಗೂ ಒಂದು ಹಾಳೆ ಮಾಡಿ. ಕ್ರಮಸಂಖ್ಯೆ, ಕಲಾವಿದರ ಹೆಸರು, ಮಾಡಿದ ವರ್ಷ, ವಸ್ತು, ಎತ್ತರ-ಅಗಲ-ದಪ್ಪ, ಹೇಗೆ ಬಂತು ಅನ್ನುವುದೆಲ್ಲ ಅದರಲ್ಲಿರಲಿ. ಮುಂದಿನಿಂದ, ಹಿಂದಿನಿಂದ, ಎರಡು ಬದಿಯಿಂದ ಫೋಟೊ ತೆಗೆಯಿರಿ. ಬಿರುಕು, ತುಕ್ಕು, ಕಲೆ ಇದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಇನ್ನೊಂದು. ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತಿಸಿ. ಕಲಾವಿದರು ಯಾರೆಂದು ಗೊತ್ತಿಲ್ಲದಿದ್ದರೆ ನಿವೃತ್ತ ಸಿಬ್ಬಂದಿಯನ್ನು ಕೇಳಿ. ಕಡತ ಸಿಗದಿದ್ದರೂ ಅವರ ಮನೆಯ ಆಲ್ಬಮ್ಮಿನಲ್ಲಿ ಉದ್ಘಾಟನೆಯ ಫೋಟೊ ಸಿಗುವುದುಂಟು. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವೇ ಇದೆ. ಹಾಗಾಗಿ ಕೆತ್ತಿದವರ ಸಹಪಾಠಿಗಳು ಊರಲ್ಲೇ ಎಲ್ಲಾದರೂ ಇರುವ ಸಾಧ್ಯತೆ ಜಾಸ್ತಿ.

ವೀರಗಲ್ಲು, ಮಾಸ್ತಿಗಲ್ಲು, ಶಾಸನದ ತುಂಡು ಸಿಕ್ಕರೆ ಅದು ಬೇರೆ ದಾರಿ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಸಿಕ್ಕ ಸೀಮೆ ನಮ್ಮದು. ಇಲ್ಲಿ ಪಾಯ ತೋಡಿದರೆ ಹಳೇ ಕಲ್ಲು ಏಳುವುದರಲ್ಲಿ ಆಶ್ಚರ್ಯವಿಲ್ಲ. 100 ವರ್ಷ ದಾಟಿದ ಶಿಲ್ಪ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ತೊಳೆಯಬೇಡಿ, ಸಿಮೆಂಟ್ ಕಟ್ಟೆಗೆ ಕೂರಿಸಬೇಡಿ. ಪುರಾತತ್ವ ಇಲಾಖೆಗೆ ಪತ್ರ ಬರೆದು ಅವರು ಹೇಳಿದಂತೆ ಮಾಡಿ. ಚಿತ್ರದುರ್ಗದ ಕೋಟೆಯ ಮಗ್ಗುಲಲ್ಲಿ ಇರುವವರು ಇನ್ನೊಂದು ನೆನಪಿಡಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು.

ಜಾಗ ಹುಡುಕುವುದು

ಹೊಸ ಕೃತಿಯ ಜಾಗವನ್ನು ಬರೀ ನಕ್ಷೆ ನೋಡಿ ಆರಿಸಬೇಡಿ. ಬೆಳಿಗ್ಗೆ ಬಸ್ಸಿಳಿದು ಬರುವಾಗ, ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೆ ಹಾಸ್ಟೆಲ್ಲಿಗೆ ಹೋಗುವಾಗ ಜನ ಎಲ್ಲಿ ನಡೆಯುತ್ತಾರೆ ನೋಡಿ. ಹುಲ್ಲು ಸವೆದು ಆದ ಕಾಲುದಾರಿ ಎಲ್ಲಿದೆಯೋ ಅದು ನಿಮಗೆ ನಿಜ ಹೇಳುತ್ತದೆ. ಅದಕ್ಕೆ ಅಡ್ಡವಾಗಿ ಏನನ್ನೂ ನಿಲ್ಲಿಸಬೇಡಿ.

ಇದಕ್ಕೆ ಪ್ರಪಂಚಕ್ಕೇ ಗೊತ್ತಿರುವ ಒಂದು ಉದಾಹರಣೆ ಇದೆ. ನ್ಯೂಯಾರ್ಕಿನ ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ 1981ರಲ್ಲಿ ರಿಚರ್ಡ್ ಸೆರಾ ಎಂಬ ಶಿಲ್ಪಿ ‘ಟಿಲ್ಟೆಡ್ ಆರ್ಕ್’ ನಿಲ್ಲಿಸಿದರು. 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಬಾಗಿದ ಗೋಡೆ. ದಿನಾ ಕೆಲಸಕ್ಕೆ ಬರುವವರು ಅದನ್ನು ಸುತ್ತಿ ಹೋಗಬೇಕಾಯಿತು. ದೂರು, ವಿಚಾರಣೆ, ಕೋರ್ಟು ಎಲ್ಲ ಆಗಿ 1989ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಕೃತಿ ಒಳ್ಳೆಯದೋ ಕೆಟ್ಟದೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ದಿನಾ ಅಲ್ಲಿ ಓಡಾಡುವವರನ್ನು ಮೊದಲೇ ಸರಿಯಾಗಿ ಕೇಳಬೇಕಿತ್ತು ಅನ್ನುವುದಕ್ಕೆ ಮಾತ್ರ ನನಗೆ ಎರಡು ಮಾತಿಲ್ಲ.

ಆದ್ದರಿಂದ ಕೇಳಿ. ಪ್ರಶ್ನಾವಳಿ ಹಂಚುವ ಬದಲು ಜಾಗದಲ್ಲೇ ಬಿದಿರು ಮತ್ತು ಗೋಣಿತಟ್ಟಿನಿಂದ ಅದೇ ಅಳತೆಯ ಒಂದು ಆಕಾರ ಕಟ್ಟಿ ಒಂದು ವಾರ ಬಿಡಿ. ಸೆಕ್ಯೂರಿಟಿಯವರ ಕಣ್ಣಿಗೆ ಅಡ್ಡ ಬರುತ್ತದಾ, ಬೈಕ್ ತಿರುಗುವಾಗ ತಾಗುತ್ತದಾ, ಅಂಬುಲೆನ್ಸ್ ಹೋಗಲು ಜಾಗ ಉಳಿಯುತ್ತದಾ, ಎಲ್ಲ ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ಆಗುವ ಖರ್ಚು ತೀರಾ ಕಡಿಮೆ.

ಬಿಸಿಲನ್ನೂ ನೋಡಿ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಮಧ್ಯಾಹ್ನದಿಂದ ಸಂಜೆವರೆಗೆ ನೇರ ಬಿಸಿಲು. ಅಲ್ಲಿ ಬಣ್ಣದ ಚಿತ್ರ ಬೇಗ ಮಾಸುತ್ತದೆ. ಉತ್ತರದ ಗೋಡೆ ಸಿಕ್ಕರೆ ಅದೇ ಮೇಲು. ಕೂರುವಂಥ, ಮುಟ್ಟುವಂಥ ಲೋಹದ ಕೃತಿಯನ್ನು ನೆರಳಿಲ್ಲದ ಕಡೆ ಇಡಬೇಡಿ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಕೈ ಇಟ್ಟು ನೋಡಿದರೆ ಕಾರಣ ಹೇಳಬೇಕಿಲ್ಲ.

ಮಹನೀಯರ ಪ್ರತಿಮೆಯ ಪ್ರಸ್ತಾವ ಬಂದರೆ ಅದನ್ನು ಕಲಾಕೃತಿಯ ಕಡತದಲ್ಲಿ ಸೇರಿಸಬೇಡಿ. ಜಯಂತಿ, ಹಾರ, ಮೆರವಣಿಗೆ, ಸಂಘಟನೆಗಳ ಬೇಡಿಕೆ ಎಲ್ಲ ಅದರ ಜೊತೆ ಬರುತ್ತವೆ. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಿದೆ. ಗೇಟಿನ ಹೊರಗಿನ ಜಾಗ ನಿಮ್ಮದಲ್ಲ ಅನ್ನುವುದು ನೆನಪಿರಲಿ. ಪ್ರತಿಮೆಯ ತೀರ್ಮಾನ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನದ್ದು. ನೀವು ಜಾಗ, ವಸ್ತು, ಅಡಿಪಾಯದ ಬಗ್ಗೆ ಅಭಿಪ್ರಾಯ ಕೊಟ್ಟು ಸುಮ್ಮನಿರಿ.

ಏನು ಬೇಕು ಅಂತ ಬರೆಯುವುದು

ಕಲಾವಿದರಿಗೆ ಕೊಡುವ ವಿವರಣೆ ಎರಡು ಪುಟ ಸಾಕು. ಜಾಗದ ಅಳತೆ, ಫೋಟೊ, ಮಣ್ಣಿನ ಗುಣ, ಬಿಸಿಲಿನ ದಿಕ್ಕು, ಒಟ್ಟು ಮೊತ್ತ, ಮುಗಿಸುವ ದಿನ. ವಿಷಯವನ್ನು ಸ್ವಲ್ಪ ಮುಕ್ತವಾಗಿ ಬಿಡಿ. ‘ಜ್ಞಾನ, ಪ್ರಗತಿ, ಏಕತೆ’ ಅಂತ ಬರೆದರೆ ಪುಸ್ತಕ ಹಿಡಿದ ಕೈ, ಹಾರುವ ಪಾರಿವಾಳ, ಹಲ್ಲಿನ ಚಕ್ರ, ಈ ಮೂರೇ ಬರುತ್ತವೆ. ಬರೆದಿಟ್ಟುಕೊಳ್ಳಿ.

ಅದರ ಬದಲು ಊರಿನದ್ದೇ ಏನಾದರೂ ಕೊಡಿ. ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ಹತ್ತಿ ಮಿಲ್ಲಿನ ಸೈರನ್ ಕೇಳಿ ಊರು ಏಳುತ್ತಿತ್ತು, ಉಣ್ಣುತ್ತಿತ್ತು. ಬಂಗಾಳದ ಶಾಂತಿನಿಕೇತನದ ಕ್ಯಾಂಪಸ್ಸಿನಲ್ಲಿ ಶಿಲ್ಪಿ ರಾಮಕಿಂಕರ್ ಬೈಜ್ 1956ರಲ್ಲಿ ಮಾಡಿದ ‘ಮಿಲ್ ಕಾಲ್’ ಶಿಲ್ಪ ನೋಡಿ. ಮಿಲ್ಲಿನ ಕೂಗಿಗೆ ಓಡುವ ಸಂತಾಲ ಬುಡಕಟ್ಟಿನ ಹೆಂಗಸರು, ಗಾಳಿಗೆ ಹಾರುವ ಸೀರೆ. ಆ ಓಟ ದಾವಣಗೆರೆಯವರಿಗೆ ಹೊಸದೇನಲ್ಲ. ಹಾಗಿರುವಾಗ ಮಿಲ್ಲಿನ ಕಥೆಯನ್ನು ನಮ್ಮ ಕ್ಯಾಂಪಸ್ಸುಗಳಲ್ಲಿ ಯಾಕೆ ಹೇಳಬಾರದು? ಮಂಡಕ್ಕಿ ಭಟ್ಟಿಯ ಬೆಂಕಿ, ಸೂಳೆಕೆರೆಯ ನೀರು, ಸಂತೆಬೆನ್ನೂರಿನ ಪುಷ್ಕರಣಿಯ ಮೆಟ್ಟಿಲಿನ ಲೆಕ್ಕಾಚಾರ, ಮೊಳಕಾಲ್ಮೂರಿನ ಸೀರೆಯ ಅಂಚು, ಚಿತ್ರದುರ್ಗ ಸೀಮೆಯ ತೊಗಲುಗೊಂಬೆ, ವಿಷಯಕ್ಕೆ ಬರವಿಲ್ಲ. ಇವುಗಳ ನಕಲು ಮಾಡಿ ಅನ್ನುತ್ತಿಲ್ಲ. ಬೆಣ್ಣೆದೋಸೆಯ ಸಿಮೆಂಟ್ ಪ್ರತಿಮೆ ಯಾರಿಗೂ ಬೇಡ.

ಆಯ್ಕೆಯಲ್ಲಿ ಕಷ್ಟದ ಗಂಟು ಟೆಂಡರಿನದ್ದು. ನಮ್ಮ ವಿಶ್ವವಿದ್ಯಾಲಯಗಳ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಬೆಂಚು, ಡೆಸ್ಕಿನ ಹಾಗೆ ಕಡಿಮೆ ದರ ಹಾಕಿದವರಿಗೆ ಶಿಲ್ಪ ಕೊಟ್ಟರೆ ಏನು ಬರುತ್ತದೆ ಅನ್ನುವುದನ್ನು ಸರ್ಕಲ್ಲುಗಳಲ್ಲಿ ನೋಡಿದ್ದೇವೆ. ಇದಕ್ಕೆ ಒಂದು ದಾರಿ ಇದೆ. ಮೊತ್ತವನ್ನು ಮೊದಲೇ ನಿಗದಿ ಮಾಡಿ, ಪೈಪೋಟಿ ವಿನ್ಯಾಸದಲ್ಲಿ ಮಾತ್ರ ಇರಲಿ. ಇದು ನಿಯಮದಲ್ಲಿ ಹೇಗೆ ಕೂರುತ್ತದೆ, ವಿನಾಯಿತಿ ಬೇಕಾ ಅನ್ನುವುದನ್ನು ಹಣಕಾಸು ಅಧಿಕಾರಿಯಿಂದ ಲಿಖಿತವಾಗಿ ಪಡೆಯಿರಿ. ಅದೂ ಪ್ರಕಟಣೆ ಕೊಡುವ ಮೊದಲು. ಆಡಿಟ್ ಆಕ್ಷೇಪ ಬಂದಾಗ ಆ ಒಂದು ಹಾಳೆ ನಿಮ್ಮನ್ನು ಕಾಯುತ್ತದೆ.

ಮೊದಲ ಸುತ್ತಿನಲ್ಲಿ ಹಳೇ ಕೆಲಸದ ಫೋಟೊ ನೋಡಿ ಮೂರ್ನಾಲ್ಕು ಜನರನ್ನು ಆರಿಸಿ. ಅವರಿಗೆ ಜಾಗ ತೋರಿಸಿ. ಆಮೇಲೆ ಚಿಕ್ಕ ಮಾದರಿ ಕೇಳಿ, ಅದಕ್ಕೆ ಸಂಭಾವನೆ ಕೊಡಿ. ಪುಕ್ಕಟೆ ಮಾದರಿ ಮಾಡಿಸಿಕೊಳ್ಳುವ ಚಾಳಿ ನಮ್ಮಲ್ಲಿ ತುಂಬಾ ಇದೆ. ಒಂದು ಮಾದರಿಗೆ ಶಿಲ್ಪಿಯ ವಾರಗಟ್ಟಲೆ ಕೆಲಸ ಹಿಡಿಯುತ್ತದೆ. ಆರಿಸದೇ ಹೋದ ಮಾದರಿಯನ್ನು ಹಿಂದಿರುಗಿಸಿ. ಅದರ ಆಲೋಚನೆಯನ್ನು ಬೇರೆಯವರಿಂದ ಮಾಡಿಸಬೇಡಿ.

ವಿದ್ಯಾರ್ಥಿಗಳಿಗೆ ಬೇರೆಯದೇ ಜಾಗ ಇಡಿ. ಒಂದು ಉದ್ದದ ಕಾಂಪೌಂಡ್ ಗೋಡೆಯನ್ನು ‘ವರ್ಷದ ಗೋಡೆ’ ಮಾಡಿ. ಪ್ರತಿ ಜೂನಿನಲ್ಲಿ ಬಿಳಿ ಬಳಿದು ಹೊಸ ಚಿತ್ರ. ಅಳಿಸುತ್ತೇವೆ ಅಂತ ಮೊದಲೇ ಹೇಳಿ ಸಹಿ ಪಡೆದರೆ ಜಗಳವಿಲ್ಲ. ಧೈರ್ಯದ ಕೆಲಸಗಳು ಅಲ್ಲೇ ಹುಟ್ಟುತ್ತವೆ.

ದುಡ್ಡು

ಒಟ್ಟು ಮೊತ್ತವನ್ನು ಕಲಾವಿದರ ಸಂಭಾವನೆ ಅಂತ ತಿಳಿಯಬೇಡಿ. ಸಾಗಣೆ, ಕ್ರೇನ್, ಅಡಿಪಾಯ, ದೀಪ, ಫಲಕ, ವಿಮೆ, ತೆರಿಗೆ ಎಲ್ಲ ಅದರಲ್ಲೇ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲನ್ನು ಪಾಲನೆಗೆ ಅಂತ ಮೊದಲ ದಿನವೇ ಎತ್ತಿಡಿ. ಇದು ನಿಯಮವಲ್ಲ, ನನ್ನ ಸಲಹೆ.

ಹೊರಗಿನ ಹಣ ಬೇಕೆಂದರೆ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ ಇದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿ, ಪಾರಂಪರಿಕ ಕರಕುಶಲ ಎಲ್ಲ ಬರುತ್ತವೆ. ಲಲಿತಕಲಾ ಅಕಾಡೆಮಿ, ಶಿಲ್ಪಕಲಾ ಅಕಾಡೆಮಿಗಳ ಜೊತೆ ಸೇರಿ ಶಿಬಿರವನ್ನೂ ಮಾಡಬಹುದು. ಆದರೆ ಶಿಬಿರ ಮುಗಿದ ಮೇಲೆ ಹತ್ತು ಕಲ್ಲು ಒಂದೇ ಸಾಲಿನಲ್ಲಿ ನಿಂತು ಗೋದಾಮಿನಂತೆ ಕಾಣುವುದು ಸಾಮಾನ್ಯ. ಶಿಬಿರಕ್ಕೆ ಮೊದಲೇ ಪ್ರತಿ ಕಲ್ಲಿಗೂ ಜಾಗ ಗೊತ್ತುಮಾಡಿ. ಜಾಗವಿರುವಷ್ಟೇ ಕಲ್ಲು ತರಿಸಿ.

ದಾನಿಗಳ ಹೆಸರು ಫಲಕದಲ್ಲಿ ಇರಲಿ, ಕಲಾವಿದರ ಹೆಸರಿಗಿಂತ ಚಿಕ್ಕ ಅಕ್ಷರದಲ್ಲಿ. ಹಣ ಕೊಟ್ಟವರೇ ವಿನ್ಯಾಸ ಆರಿಸುತ್ತೇವೆ ಅಂದರೆ ಒಪ್ಪಬೇಡಿ.

ಒಪ್ಪಂದ: ಇಲ್ಲಿ ಆತುರ ಬೇಡ

ಕಲಾಕೃತಿ ಕೊಂಡ ಮೇಲೆ ಅದು ನಮ್ಮದು, ಏನು ಬೇಕಾದರೂ ಮಾಡಬಹುದು ಅಂತ ಕಚೇರಿಗಳಲ್ಲಿ ಒಂದು ನಂಬಿಕೆ ಇದೆ. ಅದು ತಪ್ಪು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 57ನೇ ಕಲಂ ಪ್ರಕಾರ, ಹಕ್ಕು ಮಾರಿದ ಮೇಲೂ ಕೃತಿಗೆ ತನ್ನ ಹೆಸರು ಇರಬೇಕೆಂದು ಕೇಳುವ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪ ಮಾಡುವುದನ್ನು ತಡೆಯುವ ಹಕ್ಕು ಕಲಾವಿದರಿಗೆ ಉಳಿದಿರುತ್ತದೆ.

ಶಿಲ್ಪಿ ಅಮರನಾಥ್ ಸೆಹಗಲ್ ಅವರ ಪ್ರಕರಣ ಪ್ರತಿ ಕ್ಯುರೇಟರಿಗೂ ಗೊತ್ತಿರಬೇಕು. ದೆಹಲಿಯ ವಿಜ್ಞಾನ ಭವನಕ್ಕೆ ಸರ್ಕಾರವೇ ಅವರಿಂದ ಕಂಚಿನ ದೊಡ್ಡ ಭಿತ್ತಿಶಿಲ್ಪ ಮಾಡಿಸಿತ್ತು. 1979ರಲ್ಲಿ ದುರಸ್ತಿಯ ನೆಪದಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ತುಂಡುಗಳು ಹಾಳಾದವು, ಕೆಲವು ಕಾಣೆಯಾದವು. ಸೆಹಗಲ್ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಗಮನಿಸಿ, ಕೃತಿಯನ್ನು ಪ್ರದರ್ಶನಕ್ಕೆ ಇಡದೇ ಇರುವುದು ಈ ಕಲಮಿನಡಿ ಉಲ್ಲಂಘನೆ ಆಗುವುದಿಲ್ಲ. ಹಾಳುಗೆಡವುವುದರಿಂದ ತೊಂದರೆ.

ಕೃತಿಸ್ವಾಮ್ಯ ಯಾರದ್ದು ಅನ್ನುವುದರಲ್ಲೂ ಒಂದು ಸೂಕ್ಷ್ಮ ಇದೆ. ಹಣ ಕೊಟ್ಟು ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೆ ಹೋಗುತ್ತದೆ. ಕಾಯ್ದೆಯ ಆ ಸಾಲಿನಲ್ಲಿ ಶಿಲ್ಪದ ಹೆಸರಿಲ್ಲ. ಹಾಗಾಗಿ ಹೊರಗಿನ ಶಿಲ್ಪಿ ಮಾಡಿದ ಶಿಲ್ಪ ನಿಮ್ಮ ಅಂಗಳದಲ್ಲಿದ್ದರೂ ಕೃತಿಸ್ವಾಮ್ಯ ಸಾಮಾನ್ಯವಾಗಿ ಅವರದ್ದೇ. ಪ್ರಾಸ್ಪೆಕ್ಟಸ್, ಕ್ಯಾಲೆಂಡರ್, ಜಾಲತಾಣಕ್ಕೆ ಅದರ ಚಿತ್ರ ಬಳಸಲು ಲಿಖಿತ ಅನುಮತಿಯನ್ನು ಒಪ್ಪಂದದಲ್ಲೇ ಸೇರಿಸಿ. ಅವಧಿ ಬರೆಯುವುದನ್ನು ಮರೆಯಬೇಡಿ. ಹಕ್ಕಿನ ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಲೆಕ್ಕ ಹಾಕುತ್ತದೆ.

ಒಪ್ಪಂದದಲ್ಲಿ ಇನ್ನೂ ಏನೇನು ಬೇಕು? ಹಣ ಯಾವ ಯಾವ ಹಂತದಲ್ಲಿ ಎಷ್ಟು. ಜಿಎಸ್‌ಟಿ ಯಾರು ಕಟ್ಟುತ್ತಾರೆ. ಸಾಗಿಸುವಾಗ ಒಡೆದರೆ ಹೊಣೆ ಯಾರದ್ದು. ನಿಲ್ಲಿಸಿದ ಎಷ್ಟು ತಿಂಗಳೊಳಗೆ ದೋಷ ಬಂದರೆ ಕಲಾವಿದರು ಸರಿಮಾಡಬೇಕು. ಮುಂದೆ ಕಟ್ಟಡ ಬಂದು ಸರಿಸಬೇಕಾದರೆ ಅವರಿಗೆ ಎಷ್ಟು ದಿನ ಮೊದಲು ತಿಳಿಸಬೇಕು. ಕೊನೆಯ ಕಂತು ಕೊಡುವ ಮೊದಲು ಪಾಲನೆಯ ಸೂಚನೆಯ ಒಂದು ಪುಟವನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ಯಾವ ಬಣ್ಣ, ಯಾವ ಕಂಪನಿ, ಯಾವ ಸಂಖ್ಯೆ, ಒಳಗಿನ ಸರಳು ಎಷ್ಟು ದಪ್ಪ, ಯಾವುದರಿಂದ ತೊಳೆಯಬೇಕು. ಆ ಪುಟ ಇಲ್ಲದಿದ್ದರೆ ಹತ್ತು ವರ್ಷದ ನಂತರ ಬರುವವರು ಕುರುಡಾಗಿ ಕೆಲಸ ಮಾಡಬೇಕಾಗುತ್ತದೆ.

ವಸ್ತು: ಬಿಸಿಲಿಗೆ ಏನು ತಡೆಯುತ್ತದೆ

ಗ್ರಾನೈಟ್ ನಮ್ಮ ನೆಲದ್ದೇ ವಸ್ತು. ಬಿಸಿಲು, ಮಳೆ, ಮಕ್ಕಳು, ಮೂರನ್ನೂ ತಡೆಯುತ್ತದೆ. ಅದರ ನಿಜವಾದ ಶತ್ರು ಸ್ಪ್ರಿಂಕ್ಲರ್. ಬೋರ್‌ವೆಲ್ಲಿನ ಗಡಸು ನೀರು ದಿನಾ ಬಿದ್ದು ಒಣಗಿದರೆ ಕಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದನ್ನು ತೆಗೆಯಲು ಹೌಸ್‌ಕೀಪಿಂಗಿನವರು ಆಸಿಡ್ ತರುತ್ತಾರೆ. ಆಸಿಡ್ಡಿನಿಂದ ಕೆಲವು ಕಲ್ಲುಗಳಲ್ಲಿ ಹಳದಿ ಕಲೆ ಏಳುತ್ತದೆ, ಪಾಲಿಶ್ ಹೋಗುತ್ತದೆ. ಸ್ಪ್ರಿಂಕ್ಲರಿನ ಬಾಯಿ ತಿರುಗಿಸಿದರೆ ಇದೆಲ್ಲ ಬೇಡವೇ ಬೇಡ.

ಬಳಪದ ಕಲ್ಲು ಕೆತ್ತಲು ಮೃದು. ಹೊಯ್ಸಳರ ಶಿಲ್ಪಿಗಳು ಅಷ್ಟು ನಯವಾಗಿ ಕೆತ್ತಿದ್ದು ಆ ಕಲ್ಲಿನಿಂದಲೇ. ಹರಿಹರೇಶ್ವರ ದೇವಸ್ಥಾನದ ಕಂಬಗಳನ್ನು ಒಮ್ಮೆ ಹೋಗಿ ನೋಡಿ, 13ನೇ ಶತಮಾನದ್ದು. ಆದರೆ ಕ್ಯಾಂಪಸ್ಸಿನ ಬಯಲಿಗೆ ನಾನು ಅದನ್ನು ಸೂಚಿಸುವುದಿಲ್ಲ. ಬೈಕಿನ ಕೀಲಿಯಿಂದ ಹೆಸರು ಕೊರೆಯಲು ಅದಕ್ಕಿಂತ ಸುಲಭದ ಕಲ್ಲಿಲ್ಲ. ಒಳಾಂಗಣಕ್ಕೆ, ಕಚೇರಿಯ ಮೊಗಸಾಲೆಗೆ ಚೆನ್ನ.

ಸಿಮೆಂಟ್ ಅಂದರೆ ಅಗ್ಗ ಅಂತ ಮೂಗು ಮುರಿಯಬೇಡಿ. ರಾಮಕಿಂಕರ್ ಅವರ 1938ರ ‘ಸಂತಾಲ್ ಕುಟುಂಬ’ ಸಿಮೆಂಟ್ ಮತ್ತು ಮುರಕಲ್ಲಿನ ಹರಳು ಸೇರಿಸಿ ಮಾಡಿದ್ದು. ಭಾರತದ ಆಧುನಿಕ ಶಿಲ್ಪದ ಮಾತು ಅದರಿಂದಲೇ ಶುರುವಾಗುತ್ತದೆ. ಹತ್ತಿರದಲ್ಲಿ ನೋಡಬೇಕೆಂದರೆ ದಾವಣಗೆರೆಯಿಂದ ಹುಬ್ಬಳ್ಳಿ ಕಡೆ ಹೋಗುವಾಗ ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಇಳಿಯಿರಿ. ಅಲ್ಲಿ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕಿನ ಸಿಮೆಂಟ್ ಶಿಲ್ಪಗಳಿವೆ. ಬಯಲಿನಲ್ಲಿ ಸಿಮೆಂಟ್ ಮತ್ತು ಬಣ್ಣವನ್ನು ಹೇಗೆ ಪಾಲಿಸುತ್ತಾರೆ ಅನ್ನುವುದನ್ನು ಅಲ್ಲಿನ ಕೆಲಸಗಾರರನ್ನು ಕೇಳಿ ತಿಳಿಯಿರಿ.

ಸಿಮೆಂಟ್ ಶಿಲ್ಪ ಹಾಳಾಗುವುದು ಒಳಗಿನಿಂದ. ಸರಳಿನ ಮೇಲಿನ ಪದರ ತೆಳುವಾಗಿದ್ದರೆ ನೀರು ಒಳಗೆ ಹೋಗಿ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸಿಮೆಂಟನ್ನು ಸೀಳುತ್ತದೆ. ಬೆರಳು, ಕಿವಿ, ಸೆರಗಿನ ಅಂಚು ಮೊದಲು ಉದುರುವುದು ಇದಕ್ಕೇ. ತೆಳುವಾದ ಭಾಗಗಳಿಗೆ ಸ್ಟೇನ್‌ಲೆಸ್ ಸರಳು ಹಾಕಿಸಿ. ಹಸಿ ಸಿಮೆಂಟಿಗೆ ನೀರುಣಿಸುವ ದಿನಗಳಲ್ಲಿ ನೀವೇ ಹೋಗಿ ನೋಡಿ. ಬೇಸಿಗೆಯಲ್ಲಿ ಒದ್ದೆ ಗೋಣಿಚೀಲ ಸುತ್ತದೆ ಬಿಟ್ಟರೆ ಆಗಲೇ ಕೂದಲೆಳೆಯ ಬಿರುಕು ಬಂದಿರುತ್ತದೆ.

ಫೈಬರ್ ಹಗುರ, ಅಗ್ಗ, ಬೇಗ ಆಗುತ್ತದೆ. ನಮ್ಮ ಬಿಸಿಲಿಗೆ ಕೆಲವೇ ವರ್ಷದಲ್ಲಿ ಮೇಲ್ಪದರ ಪುಡಿಯಾಗಿ ಬಣ್ಣ ಸಪ್ಪೆಯಾಗುತ್ತದೆ. ಕಂಚಿನ ಬಣ್ಣ ಬಳಿದ ಫೈಬರನ್ನು ಕಂಚು ಅಂತ ಫಲಕದಲ್ಲಿ ಬರೆಯುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಳೇ ಮಿಲ್ಲಿನ ಯಂತ್ರದ ಭಾಗ, ಗುಜರಿ ಕಬ್ಬಿಣದಿಂದ ಮಾಡಿದ ಶಿಲ್ಪ ಚೆನ್ನಾಗಿರುತ್ತದೆ. ಆದರೆ ನೀರು ನಿಲ್ಲುವ ಗುಂಡಿಗಳಿಗೆ ತೂತು ಕೊರೆಸಿ, ಚೂಪು ಅಂಚು ಉಜ್ಜಿಸಿ. ಚಿತ್ರದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಅಗಲವಾದ ತಗಡಿನ ಕೃತಿಗೆ ಗಾಳಿಯ ಒತ್ತಡದ ಲೆಕ್ಕವನ್ನು ಎಂಜಿನಿಯರಿಂದ ಮಾಡಿಸಲೇಬೇಕು.

ಗೋಡೆ ಚಿತ್ರಕ್ಕೆ ಬಂದರೆ, ಬಣ್ಣಕ್ಕಿಂತ ಗೋಡೆ ಮುಖ್ಯ. ಹೊಸ ಗಿಲಾವಿನ ಮೇಲೆ ಕನಿಷ್ಠ 28 ದಿನ ಏನೂ ಬಳಿಯಬೇಡಿ. ತಳದಿಂದ ತೇವ ಏರುವ ಗೋಡೆಯಾದರೆ ಮೊದಲು ಅದನ್ನು ಸರಿಮಾಡಿ, ಇಲ್ಲದಿದ್ದರೆ ಗೋಡೆ ಬದಲಿಸಿ. ಬಣ್ಣವೇ ಬೇಡ ಅನ್ನುವ ದಾರಿಯೂ ಇದೆ. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಗ್ರಂಥಾಲಯದ ನಾಲ್ಕೂ ಗೋಡೆಯನ್ನು ಹುವಾನ್ ಓಗೋರ್ಮನ್ ಎಂಬ ಕಲಾವಿದ 1950ರ ದಶಕದಲ್ಲಿ ದೇಶದ ಬೇರೆ ಬೇರೆ ಕಡೆಯಿಂದ ತಂದ ಬಣ್ಣದ ಕಲ್ಲುಗಳ ಮೊಸಾಯಿಕ್‌ನಿಂದ ತುಂಬಿಸಿದರು. ಕಲ್ಲಿನ ಬಣ್ಣ ಬಿಸಿಲಿಗೆ ಹೋಗುವುದಿಲ್ಲ. ಗ್ರಾನೈಟ್ ಕತ್ತರಿಸುವ ಘಟಕಗಳ ಹಿಂದೆ ರಾಶಿ ಬಿದ್ದಿರುವ ಚೂರುಗಳನ್ನು ನೋಡಿದಾಗಲೆಲ್ಲ ನನಗೆ ಆ ಗ್ರಂಥಾಲಯ ನೆನಪಾಗುತ್ತದೆ. ಕಪ್ಪು, ಗುಲಾಬಿ, ಬೂದು, ಹಸಿರು ಎಲ್ಲ ಅಲ್ಲೇ ಇದೆ.

ಅಡಿಪಾಯ ಮತ್ತು ನಿಲ್ಲಿಸುವ ದಿನ

ಎರೆ ಮಣ್ಣಿದ್ದರೆ ಎಚ್ಚರ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮೇಲ್ಮೇಲೆ ಕಟ್ಟೆ ಕಟ್ಟಿದರೆ ಒಂದೆರಡು ಮಳೆಗಾಲದಲ್ಲೇ ವಾಲುತ್ತದೆ. ಗಟ್ಟಿ ನೆಲ ಸಿಗುವವರೆಗೆ ತೋಡಿ, ಎರೆ ತೆಗೆದು ಗರಸು ತುಂಬಿ, ದಿಮ್ಮಸು ಮಾಡಿಸಿ ಆಮೇಲೆ ಕಾಂಕ್ರೀಟ್. ಕಟ್ಟೆಯ ಸುತ್ತ ನೀರು ಹರಿದುಹೋಗಲು ಇಳಿಜಾರು ಇರಲಿ.

ತೂಕದ ಲೆಕ್ಕ ಮೊದಲೇ ಹಾಕಿ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್. 2 ಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ, ಅಷ್ಟೇ ದಪ್ಪದ ಕಂಬವೇ ಸುಮಾರು 2 ಟನ್ ಆಗುತ್ತದೆ. ಕ್ರೇನ್ ಬರುವ ದಾರಿಯಲ್ಲಿ ಚರಂಡಿಯ ಚಪ್ಪಡಿ, ತಗ್ಗಿನ ಕೊಂಬೆ, ವಿದ್ಯುತ್ ತಂತಿ ನೋಡಿ. ಎತ್ತಲು ಸರಪಳಿ ಬೇಡ, ಬೆಲ್ಟ್ ಬಳಸಲಿ. ಸರಪಳಿಗೆ ಅಂಚು ಚಕ್ಕೆ ಏಳುತ್ತದೆ. ಭಾನುವಾರ ಬೆಳಿಗ್ಗೆ ಮಾಡಿ, ಜನ ಕಡಿಮೆ. ಉದ್ಘಾಟನೆಯ ದಿನ ಗೊತ್ತುಮಾಡಿ ಆಮೇಲೆ ಕೆಲಸಕ್ಕೆ ಓಡಬೇಡಿ. ಕೆಲಸ ಮುಗಿದ ಮೇಲೆ ದಿನ ನೋಡಿ. ಕುಲಪತಿಗಳ ಕಚೇರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಿ.

ಫಲಕ

ಕನ್ನಡ ಮೊದಲು, ದೊಡ್ಡ ಅಕ್ಷರದಲ್ಲಿ. ಕೃತಿಯ ಹೆಸರು, ಕಲಾವಿದರು, ವರ್ಷ, ವಸ್ತು, ಎರಡು ಸಾಲು ವಿವರಣೆ. ಇದರ ಅರ್ಥ ಇದೇ ಅಂತ ಉಪದೇಶ ಬೇಡ. ಗಾಲಿಕುರ್ಚಿಯಲ್ಲಿ ಬರುವವರಿಗೂ ಓದಲು ಆಗುವ ಎತ್ತರದಲ್ಲಿ ಇರಲಿ. ಕ್ಯೂಆರ್ ಕೋಡ್ ಬೇಕಾದರೆ ಹಾಕಿ, ಅದನ್ನೇ ನಂಬಬೇಡಿ. ಜಾಲತಾಣದ ಗುತ್ತಿಗೆದಾರರು ಬದಲಾದರೆ ಕೊಂಡಿ ಸಾಯುತ್ತದೆ. ಕಲ್ಲಿನಲ್ಲಿ ಕೊರೆದ ಅಕ್ಷರ ಉಳಿಯುತ್ತದೆ. ಉದ್ಘಾಟಿಸಿದವರ ಹೆಸರುಗಳ ಉದ್ದ ಪಟ್ಟಿಗೆ ಬೇರೆ ಗೋಡೆ ಹುಡುಕಿ.

ನಿಂತ ಮೇಲೆ

ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ನಂತರ, ಪಟ್ಟಿ ಹಿಡಿದು ಪ್ರತಿ ಕೃತಿಯ ಮುಂದೆ ನಿಲ್ಲಿ. ಹಳೇ ಫೋಟೊದ ಜೊತೆ ಹೋಲಿಸಿ. ಹಕ್ಕಿಯ ಹಿಕ್ಕೆ, ಪಾಚಿ, ಬುಡದ ಗಿಡ, ಸಡಿಲವಾದ ಬೋಲ್ಟ್ ನೋಡಿ. ತೊಳೆಯಲು ಮೃದು ಬ್ರಷ್, ಸಾದಾ ನೀರು, ಜಾಸ್ತಿ ಅಂದರೆ ಸ್ವಲ್ಪ ಮೃದು ಸೋಪು. ಹೌಸ್‌ಕೀಪಿಂಗಿನವರನ್ನು ವರ್ಷಕ್ಕೊಮ್ಮೆ ಕೂರಿಸಿ ಅರ್ಧ ದಿನ ತೋರಿಸಿಕೊಡಿ, ಚಹಾ-ಮಿರ್ಚಿ ತರಿಸಿ. ಆ ಅರ್ಧ ದಿನದಷ್ಟು ಲಾಭದ ಖರ್ಚು ಈ ಕೆಲಸದಲ್ಲಿ ಇನ್ನೊಂದಿಲ್ಲ.

ಫ್ಲೆಕ್ಸ್ ಕಟ್ಟುವವರು ಶಿಲ್ಪದ ಕೈಗೆ ಹಗ್ಗ ಬಿಗಿಯುತ್ತಾರೆ. ಬೈದರೆ ನಿಲ್ಲುವುದಿಲ್ಲ. ಪಕ್ಕದಲ್ಲೇ ಫ್ಲೆಕ್ಸಿಗೆಂದು ಎರಡು ಕಂಬ ನೆಡಿಸಿ, ನಿಲ್ಲುತ್ತದೆ.

ನಮ್ಮ ಕಡೆ ನೆಟ್ಟಗೆ ನಿಂತ ಕಲ್ಲಿಗೆ ಯಾರೋ ಒಬ್ಬರು ಅರಿಸಿನ ಕುಂಕುಮ ಹಚ್ಚಿ ದೀಪ ಇಡುವುದು ಹೊಸದಲ್ಲ. ಎಣ್ಣೆ ಒಮ್ಮೆ ಗ್ರಾನೈಟಿನ ಒಳಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ಮೊದಲ ದಿನವೇ ಮೆತ್ತಗೆ ಮಾತಾಡಿ. ಹಚ್ಚಿದವರು ಕ್ಯಾಂಪಸ್ಸಿನ ಕೆಲಸಗಾರರೇ ಆಗಿರುವುದು ಜಾಸ್ತಿ. “ಅಮ್ಮಾ, ಇದು ನಮ್ಮ ಹುಡುಗ್ರು ಕೆತ್ತಿದ್ದು, ಎಣ್ಣೆ ಬಿದ್ರೆ ಕಲ್ಲು ಕಪ್ಪಾಗುತ್ತೆ” ಅಂದರೆ ಅರ್ಥ ಮಾಡಿಕೊಳ್ಳುತ್ತಾರೆ. ಬೋರ್ಡ್ ಹಾಕಿ ದಂಡ ಅಂದರೆ ವಿಷಯ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಯಾರಿಗಾದರೂ ಕೃತಿಯಿಂದ ನೋವಾಗಿದೆ ಅಂತ ದೂರು ಬಂದರೆ ರಾತ್ರೋರಾತ್ರಿ ಬಟ್ಟೆ ಮುಚ್ಚಬೇಡಿ. ದೂರನ್ನು ಲಿಖಿತವಾಗಿ ತೆಗೆದುಕೊಂಡು ಸಮಿತಿ ಕರೆಯಿರಿ. ಕಲಾವಿದರನ್ನೂ ಕರೆಯಿರಿ. ತೀರ್ಮಾನವನ್ನು ನಡಾವಳಿಯಲ್ಲಿ ಬರೆಯಿರಿ.

ತೆಗೆಯುವುದು, ಹೊಣೆ ಒಪ್ಪಿಸುವುದು

ಕೆಲವು ಕೃತಿಗಳನ್ನು ತೆಗೆಯಲೇಬೇಕಾಗುತ್ತದೆ. ಅಪಾಯ ಇದ್ದರೆ, ರಿಪೇರಿಗೂ ಮೀರಿದ್ದರೆ, ಹೊಸ ಕಟ್ಟಡ ಬರುತ್ತಿದ್ದರೆ. ಆಗಲೂ ಮೊದಲು ಕಲಾವಿದರಿಗೆ ಅಥವಾ ಅವರ ಮನೆಯವರಿಗೆ ರಿಜಿಸ್ಟರ್ ಅಂಚೆಯಲ್ಲಿ ಪತ್ರ ಕಳಿಸಿ. ಬೇರೆ ಜಾಗಕ್ಕೆ ಹೋಗಬಹುದಾ, ಅವರೇ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಪೂರ್ತಿ ಫೋಟೊ ದಾಖಲೆ ಮಾಡಿ, ಸಮಿತಿಯ ಒಪ್ಪಿಗೆ ಪಡೆದು, ಆಮೇಲೆ ರಿಜಿಸ್ಟರಿನಿಂದ ತೆಗೆಯಿರಿ. ಗುಜರಿ ಹರಾಜಿನ ಪಟ್ಟಿಯಲ್ಲಿ ಮುರಿದ ಕುರ್ಚಿಗಳ ಜೊತೆ ಶಿಲ್ಪವೂ ಸೇರದಂತೆ ಆ ಪಟ್ಟಿಗೆ ಸಹಿ ಬೀಳುವ ಮೊದಲು ಒಂದು ಸಲ ಓದಿ.

ನೀವು ಈ ಹೊಣೆಯಿಂದ ಬಿಡುಗಡೆಯಾಗುವ ದಿನ ಹೊಸಬರನ್ನು ಕರೆದುಕೊಂಡು ಕ್ಯಾಂಪಸ್ ಸುತ್ತಿ. ಪಟ್ಟಿ, ಫೋಟೊಗಳ ಪೆನ್‌ಡ್ರೈವ್, ಒಪ್ಪಂದಗಳ ಮೂಲ ಪ್ರತಿ, ಪಾಲನೆಯ ಪುಟಗಳು, ದೀಪದ ಪೆಟ್ಟಿಗೆಯ ಬೀಗದ ಕೈ, ಎಲ್ಲ ಕೊಟ್ಟು ಸಹಿ ತೆಗೆದುಕೊಳ್ಳಿ. ಒಂದು ಪ್ರತಿ ಗ್ರಂಥಾಲಯಕ್ಕೂ ಕೊಡಿ. ಕಚೇರಿಯ ಕಡತ ಕಳೆದುಹೋದಾಗ ಜನ ಹುಡುಕಿಕೊಂಡು ಹೋಗುವುದು ಅಲ್ಲಿಗೇ.